ಹುದಲಿಯ ನೂಲು, ಖಾನಾಪುರದ ಮಣ್ಣು: ಬೆಳಗಾವಿ ಸೀಮೆಯ ಸಾಮುದಾಯಿಕ ಉದ್ಯಮಗಳಲ್ಲಿ ಕೂಲಿಯ ಪ್ರಶ್ನೆ

1924ರ ಡಿಸೆಂಬರಿನಲ್ಲಿ ಗಾಂಧೀಜಿ ಅಧ್ಯಕ್ಷತೆಯಲ್ಲಿ ನಡೆದ ಬೆಳಗಾವಿ ಕಾಂಗ್ರೆಸ್ ಅಧಿವೇಶನವನ್ನು ನಮ್ಮ ಚರಿತ್ರೆಕಾರರು ಹೆಚ್ಚಾಗಿ ಕರ್ನಾಟಕ ಏಕೀಕರಣದ ಕಡೆಯಿಂದ ಓದಿದ್ದಾರೆ. ಅಲ್ಲಿ ಒಪ್ಪಿಗೆಯಾದ ಒಂದು ನಿಯಮಕ್ಕೆ ಆರ್ಥಿಕ ಇತಿಹಾಸದಲ್ಲೂ ಜಾಗ ಸಿಗಬೇಕು. ಕಾಂಗ್ರೆಸ್ ಸದಸ್ಯನಾಗುವವನು ಹಣದ ಬದಲು ತಿಂಗಳಿಗೆ 2,000 ಗಜ ನೂಲು ಕೊಡಬೇಕು. ತಾನೇ ನೂಲಲು ಒಲ್ಲದವನು ಬೇರೆಯವರು ನೂತದ್ದನ್ನು ತಂದುಕೊಡಬಹುದು. ಈ ಸಡಿಲಿಕೆ ತತ್ವಕ್ಕೆ ಬಂದ ಕುಂದೆಂದು ತೋರಬಹುದು. ಬಡ ನೂಲುಗಾರ್ತಿಗೆ ಮಾತ್ರ ಅದರಿಂದಲೇ ಒಬ್ಬ ಗಿರಾಕಿ ಹುಟ್ಟಿದ. ನಿಯಮ ವರ್ಷ ತುಂಬುವವರೆಗೂ ಬಾಳಲಿಲ್ಲ. 1925ರ ಸೆಪ್ಟೆಂಬರಿನಲ್ಲಿ ಪಾಟ್ನಾದಲ್ಲಿ ಅದನ್ನು ಐಚ್ಛಿಕಗೊಳಿಸಿದರು. ಅಲ್ಲಿಯೇ ಅಖಿಲ ಭಾರತ ಚರಕಾ ಸಂಘ ಸ್ಥಾಪನೆಯಾಯಿತು.

ಬೆಳಗಾವಿ ಬಳಿಯ ಹುದಲಿಯಲ್ಲಿ ಗಂಗಾಧರರಾವ್ ದೇಶಪಾಂಡೆ ಕಟ್ಟಿದ ಖಾದಿ ಕೇಂದ್ರವನ್ನು ಈ ಹಿನ್ನೆಲೆಯಲ್ಲೇ ನೋಡಬೇಕು. 'ಖಾದಿ ಭಗೀರಥ' ಎಂಬ ಬಿರುದಿನ ಭಾರದಲ್ಲಿ ಅವರ ವ್ಯವಹಾರಜ್ಞಾನ ಮರೆಯಾಗಿದೆ. ಚರಕ ಹಂಚುವುದು ಸುಲಭ. ಹತ್ತಿ ಹೊಂದಿಸಿ, ಹಂಜಿ ಮಾಡಿಸಿ, ನೂಲನ್ನು ನೇಕಾರನಿಗೆ ತಲುಪಿಸಿ, ಬಟ್ಟೆಗೆ ಕೊಳ್ಳುವವರನ್ನು ಹುಡುಕುವವರೆಗೆ ಇಡೀ ಸರಪಳಿ ಒಂದೇ ಕೈಯಲ್ಲಿ ಇದ್ದರಷ್ಟೇ ಮನೆಯಲ್ಲಿ ಕೂತ ಹೆಂಗಸಿಗೆ ಕಾಸು ಸಿಗುತ್ತದೆ.

ಆ ಕಾಸು ಎಷ್ಟು? 1935ರಲ್ಲಿ ಗಾಂಧೀಜಿ ಚರಕಾ ಸಂಘವನ್ನೇ ಈ ಪ್ರಶ್ನೆಯ ಎದುರು ನಿಲ್ಲಿಸಿದರು. ಎಂಟು ಗಂಟೆಯ ದುಡಿಮೆಗೆ ಎಂಟಾಣೆ ಬೇಕೆಂಬುದು ಅವರ ಬಯಕೆ. ಅಷ್ಟು ಸಂಘದ ಕೈಗೆಟುಕಲಿಲ್ಲವಾದರೂ ಕೂಲಿಗೊಂದು ಕನಿಷ್ಠ ಮಟ್ಟ ಇರಬೇಕೆಂಬ ನಿರ್ಣಯವಾಯಿತು. ಆದರೆ ಕೂಲಿ ಏರಿದರೆ ಖಾದಿಯ ಬೆಲೆಯೂ ಏರುತ್ತದೆ, ಗಿರಾಕಿ ಹಿಂಜರಿಯುತ್ತಾನೆ. 1937ರ ಏಪ್ರಿಲಿನಲ್ಲಿ ಗಾಂಧಿ ಸೇವಾ ಸಂಘದ ಸಮ್ಮೇಳನಕ್ಕಾಗಿ ಗಾಂಧೀಜಿ ಹುದಲಿಗೆ ಬಂದಾಗ ಈ ಇಕ್ಕಟ್ಟು ಇನ್ನೂ ಹಸಿಯಾಗಿತ್ತು. ಮುಂದೆ ಹುದಲಿ ಖಾದಿಯಷ್ಟೇ ಉಪ್ಪಿನಕಾಯಿಗೂ ಹೆಸರಾಯಿತು. ಇದನ್ನು ಆದರ್ಶ ಸಡಿಲವಾದ ಗುರುತೆಂದು ನಾನು ತಿಳಿಯುವುದಿಲ್ಲ. ಉಪ್ಪಿನಕಾಯಿ ಕೊಳ್ಳುವವನು ಗಾಂಧಿ ಜಯಂತಿಯ ರಿಯಾಯಿತಿಗೆ ಕಾಯುವುದಿಲ್ಲ.

ಬೆಳಗಾವಿ ನಗರದ ಶಹಾಪುರ, ವಡಗಾವಿ, ಖಾಸಬಾಗಗಳ ನೇಕಾರರ ದಾರಿ ಬೇರೆ. ಅಲ್ಲಿ ನೂಲು ಮಾಲೀಕನದು, ಸೀರೆ ಮಾಲೀಕನದು, ನೇಯುವ ಕೂಲಿಯಷ್ಟೇ ನೇಕಾರನದು. ಮನೆಯೊಳಗೇ ಮಗ್ಗವಿದ್ದರೂ ಅವನು ಉದ್ಯಮಿಯಾಗುವುದಿಲ್ಲ.

ಖಾನಾಪುರದ ಜೇಡಿಮಣ್ಣು ಮಡಕೆಗೂ ಹೆಂಚಿಗೂ ಹೇಳಿ ಮಾಡಿಸಿದ್ದು. ಖಾದಿ ಮತ್ತು ಗ್ರಾಮೋದ್ಯೋಗ ಆಯೋಗದ ಕೇಂದ್ರೀಯ ಗ್ರಾಮೀಣ ಕುಂಬಾರಿಕೆ ಸಂಸ್ಥೆ ಇಲ್ಲಿ ಇರುವುದು ಸಹಜವೇ. ತಿಗರಿ, ಭಟ್ಟಿ, ಮೆರುಗು ಎಲ್ಲದರಲ್ಲೂ ತರಬೇತಿ ಸಿಗುತ್ತದೆ. ಕುಂಬಾರನ ಕಷ್ಟ ಇರುವುದು ಭಟ್ಟಿಯಿಂದ ಮಾಲು ಹೊರಬಂದ ಮೇಲೆ: ಒಡೆಯುವ ಸರಕು, ದೂರದ ಸಂತೆ, ಎದುರಿಗೆ ಅಲ್ಯೂಮಿನಿಯಂ ಮತ್ತು ಪ್ಲಾಸ್ಟಿಕ್. ಬೆಳಗಾವಿ ಸ್ವತಃ ಅಲ್ಯೂಮಿನಿಯಂ ಕಾರ್ಖಾನೆಯ ಊರು ಎಂಬುದು ಇಲ್ಲಿನ ಒಂದು ವ್ಯಂಗ್ಯ.

ಖಾದಿ, ಕುಂಬಾರಿಕೆಗಳ ನಂತರದ ಅಲೆ ಸ್ವಸಹಾಯ ಸಂಘಗಳದು. ಕರ್ನಾಟಕದಲ್ಲೇ ಮೈರಾಡಾ ಸಂಸ್ಥೆ 1980ರ ದಶಕದಲ್ಲಿ ರೂಪಿಸಿದ ಸಣ್ಣ ಗುಂಪುಗಳ ಅನುಭವದ ಮೇಲೆ ನಬಾರ್ಡ್ 1992ರಲ್ಲಿ ಸಂಘ–ಬ್ಯಾಂಕ್ ಜೋಡಣೆಯನ್ನು ಪ್ರಯೋಗವಾಗಿ ಆರಂಭಿಸಿತು; 2000–01ರಲ್ಲಿ ರಾಜ್ಯ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂತು. ಖಾನಾಪುರದ ಮರಾಠಿ ಮಾತಿನ ಊರುಗಳಲ್ಲಿ ಇವು ಬಚತ್ ಗಟ್‌ಗಳು. ಸಾಹುಕಾರನ ಬಡ್ಡಿಯಿಂದ ಬಿಡುಗಡೆ ಕೊಟ್ಟದ್ದು ಇವುಗಳ ದೊಡ್ಡ ಸಾಧನೆ. ಉದ್ಯಮವೆಂದು ಕರೆಯಲು ಅದಷ್ಟೇ ಸಾಲದು.

2007ರಲ್ಲಿ ಉದ್ಯೋಗ ಖಾತರಿ ಯೋಜನೆ ಬೆಳಗಾವಿ ಜಿಲ್ಲೆಗೆ ವಿಸ್ತರಿಸಿದ್ದು ಚಿತ್ರವನ್ನು ಬದಲಿಸಿತು. ದುಡಿಮೆಗಾಗಿ ಗೋವೆಯ ಹಾದಿ ಹಿಡಿಯುವವರಿರುವ ಖಾನಾಪುರ ತಾಲ್ಲೂಕಿನಲ್ಲಿ ಜಾಗೃತಿ ಮಹಿಳಾ ಒಕ್ಕೂಟದ ಹೆಣ್ಣುಮಕ್ಕಳು ಅರ್ಜಿ ಹಿಡಿದು ಪಂಚಾಯಿತಿಯಲ್ಲಿ ಕೆಲಸ ಕೇಳಿದರು. ಕೆರೆ ಹೂಳೆತ್ತುವ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ದಿನಗೂಲಿ ಇದೆ. ಶ್ಯಾವಿಗೆ, ಹಪ್ಪಳ, ರೊಟ್ಟಿ ಮಾಡಿ ಮಾರುವ ಗುಂಪು ತನ್ನ ಸದಸ್ಯೆಗೆ ಅದಕ್ಕಿಂತ ಕಡಿಮೆ ಕೊಟ್ಟರೆ, ನಷ್ಟವನ್ನು ಹೊರುವವಳು ಅವಳೇ. ಆದರೆ ಸಂಘದ ಪುಸ್ತಕದಲ್ಲಿ ಉಳಿತಾಯ, ಸಾಲ, ಬಡ್ಡಿಗಳಿಗೆ ಕಾಲಂ ಇರುತ್ತದೆ, ಅವಳು ದುಡಿದ ಗಂಟೆಗಳಿಗೆ ಇರುವುದಿಲ್ಲ. ಚರಕಾ ಸಂಘದಲ್ಲಿ 1935ರ ಕೂಲಿಯ ಚರ್ಚೆ ಶುರುವಾದದ್ದೇ ಆ ಗಂಟೆಗಳ ಲೆಕ್ಕದಿಂದ.