ರಾಣಿಯ ತೋಳು, ಮಗುವಿನ ಹಕ್ಕು

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಹಿರಿಯರಿಗೆ ಸಿಡುಬು ಬರಿಯ ಕಾಯಿಲೆಯಾಗಿರಲಿಲ್ಲ. ಕನ್ನಡದ ಮನೆಗಳಲ್ಲಿ ಅದು 'ಅಮ್ಮ', ಉರ್ದು ಮನೆಗಳಲ್ಲಿ 'ಚೇಚಕ್'. ಮನೆ ಹೊಕ್ಕಾಗ ಅದು ಯಾವ ಜಾತಿ, ಯಾವ ಧರ್ಮವೆಂದು ಕೇಳುತ್ತಿರಲಿಲ್ಲ. ಭಾರತದಲ್ಲಿ ಅದು 1975ರಲ್ಲಿ ಕೊನೆಗೊಂಡಿತು. ಇಡೀ ಜಗತ್ತಿನಿಂದಲೇ ತೊಲಗಿತೆಂದು 1980ರಲ್ಲಿ ಘೋಷಿಸಲಾಯಿತು. ರೋಗದ ಭಯ ಮರೆತಲ್ಲಿ ಲಸಿಕೆಯ ಭಯ ಬಂದು ಕೂರುತ್ತದೆ. ಹಾಗಾಗಿ ಹಳೆಯ ಕಥೆಯನ್ನು ಮತ್ತೊಮ್ಮೆ ನೆನೆಯಬೇಕಾಗಿದೆ.

ಸಿಡುಬು ಬೇರೆ, ದಡಾರ ಬೇರೆ ಎಂದು ವಿವರವಾಗಿ ಬರೆದವರು ಹತ್ತನೆಯ ಶತಮಾನದ ಹೊತ್ತಿಗೆ ಬಾಳಿದ ವೈದ್ಯ ಅಲ್-ರಾಝಿ. 1796ರಲ್ಲಿ ಇಂಗ್ಲೆಂಡಿನ ಜೆನ್ನರ್ ಗೋಸಿಡುಬಿನಿಂದ ಲಸಿಕೆಯನ್ನು ಕಂಡುಕೊಂಡರು. ಅದು ಇಸ್ತಾಂಬುಲ್, ಬಗ್ದಾದ್, ಬಸ್ರಾಗಳನ್ನು ದಾಟಿ ಮುಂಬಯಿ ತಲುಪಿತು. 1802ರ ಜೂನ್ 14ರಂದು ಅಲ್ಲಿ ಮೂರು ವರ್ಷದ ಆನ್ನಾ ಡಸ್ಟ್‌ಹಾಲ್ ಎಂಬ ಮಗುವಿಗೆ ಹಾಕಿದ್ದೇ ಭಾರತದ ಮೊದಲ ಲಸಿಕೆ.

ನಮ್ಮ ಈ ಊರುಗಳು ಆಗ ಮೈಸೂರು ಸಂಸ್ಥಾನಕ್ಕೆ ಸೇರಿದ್ದವು. 1805ರಲ್ಲಿ ಥಾಮಸ್ ಹಿಕ್ಕಿ ಬರೆದ ಮೈಸೂರು ರಾಜಮನೆತನದ ಸ್ತ್ರೀಯರ ಚಿತ್ರವೊಂದಿದೆ. ಅದರಲ್ಲಿ ಎಳೆಯ ರಾಣಿ ದೇವಾಜಮ್ಮಣ್ಣಿ ಸೆರಗು ಸರಿಸಿ ತೋಳು ತೋರುತ್ತಿದ್ದಾರೆ. ಅದು ಲಸಿಕೆ ಹಾಕಿಸಿಕೊಂಡ ತೋಳು, ಪ್ರಜೆಗಳ ಅಂಜಿಕೆ ಬಿಡಿಸಲೆಂದೇ ಬರೆಸಿದ ಚಿತ್ರ ಎಂಬುದು ಇತಿಹಾಸಕಾರ ನೈಜಲ್ ಚಾನ್ಸೆಲರ್ ಅವರ ವಾದ.

ಆ ಅಂಜಿಕೆಯನ್ನು ಬರಿಯ ಮೌಢ್ಯವೆಂದು ತಳ್ಳಿಹಾಕುವಂತಿಲ್ಲ. ಆಗ ಲಸಿಕೆ ಸೀಸೆಯಲ್ಲಿ ಬರುತ್ತಿರಲಿಲ್ಲ. ಒಂದು ಮಗುವಿನ ತೋಳಿನ ಗುಳ್ಳೆ ಚುಚ್ಚಿ, ಅದರ ರಸವನ್ನು ಇನ್ನೊಂದು ಮಗುವಿನ ತೋಳಿಗೆ ಹಚ್ಚುತ್ತಿದ್ದರು. ಅಳುವ ಮಗುವನ್ನು ಪರರ ಮಕ್ಕಳಿಗಾಗಿ ಮತ್ತೆ ಚುಚ್ಚಿಸಲು ಯಾವ ತಾಯಿ ಒಪ್ಪಿಯಾಳು? ಯಾವ ಜಾತಿಯ ಮಗುವಿನ ರಸ ಯಾರ ಮೈಗೆ ಎಂಬ ತಕರಾರೂ ಇತ್ತು. ಬಲವಂತ ಮಾಡಿದ ಇಂಗ್ಲೆಂಡಿನಲ್ಲೂ ತಂದೆತಾಯಂದಿರು ಬಂಡೆದ್ದರು. 1853ರಲ್ಲಿ ಲಸಿಕೆಯನ್ನು ಕಡ್ಡಾಯ ಮಾಡಿದ ಸರ್ಕಾರ 1898ರಲ್ಲಿ, ಮನಸ್ಸೊಪ್ಪದ ಪೋಷಕರಿಗೆ ವಿನಾಯಿತಿ ಕೊಡಬೇಕಾಯಿತು.

ನಮ್ಮ ಸಮುದಾಯಕ್ಕೂ ಈ ಪರೀಕ್ಷೆ ಬಂತು. 2000ದ ದಶಕದ ಮೊದಲ ವರ್ಷಗಳಲ್ಲಿ ಉತ್ತರ ಪ್ರದೇಶದ ಮುಸ್ಲಿಂ ಮೊಹಲ್ಲಾಗಳಲ್ಲಿ ಪೋಲಿಯೋ ಹನಿ ಕುಡಿದ ಮಕ್ಕಳಿಗೆ ಮುಂದೆ ಸಂತಾನವಾಗದು ಎಂಬ ವದಂತಿ ಹಬ್ಬಿತು. ತುರ್ತು ಪರಿಸ್ಥಿತಿಯ ಬಲವಂತದ ಸಂತಾನಹರಣ ಚಿಕಿತ್ಸೆಯನ್ನು ಕಂಡಿದ್ದ ಜನ ಅದನ್ನು ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಬಾಗಿಲು ತೆರೆಸಿದ್ದು ಪೊಲೀಸರಲ್ಲ. ಮಸೀದಿಯ ಇಮಾಮರು, ವಿದ್ವಾಂಸರು, ಮನೆಮನೆಗೆ ನಡೆದ ಹೆಣ್ಣುಮಕ್ಕಳು. 2011ರ ಜನವರಿಯ ನಂತರ ದೇಶದಲ್ಲಿ ಕಾಡು ಪೋಲಿಯೋ ವೈರಸ್ಸಿನ ಪ್ರಕರಣ ಕಾಣಲಿಲ್ಲ. 2014ರ ಮಾರ್ಚ್ 27ರಂದು ಭಾರತ ಪೋಲಿಯೋಮುಕ್ತವೆನಿಸಿತು. 2017ರ ಫೆಬ್ರವರಿಯಲ್ಲಿ ಕರ್ನಾಟಕದಲ್ಲಿ ದಡಾರ-ರುಬೆಲ್ಲಾ ಲಸಿಕೆಯ ಅಭಿಯಾನ ನಡೆದಾಗ ಅದೇ ವದಂತಿ ಮೊಬೈಲ್ ಹತ್ತಿ ಮರಳಿ ಬಂತು.

ಹಾಗಾದರೆ ಆಯ್ಕೆ ತಂದೆತಾಯಂದಿರದ್ದಲ್ಲವೇ? ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲವೆಂದು ಕೋವಿಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2022ರಲ್ಲಿ ಹೇಳಿದೆ. ಆದರೆ ದಡಾರದ ವೈರಸ್ಸು ರೋಗಿ ಎದ್ದುಹೋದ ಮೇಲೂ ಎರಡು ಗಂಟೆಯವರೆಗೆ ಗಾಳಿಯಲ್ಲಿರಬಲ್ಲದು. ಮೊದಲ ಚುಚ್ಚುಮದ್ದು ಒಂಬತ್ತು ತಿಂಗಳು ತುಂಬಿದ ಮೇಲೆ. ಅಲ್ಲಿಯವರೆಗೆ ಪಕ್ಕದ ಮನೆಯ ಹಸುಗೂಸಿಗೆ ನಮ್ಮ ಮಕ್ಕಳ ಲಸಿಕೆಯೇ ಬೇಲಿ. ಶಿಡ್ಲಘಟ್ಟದ ರೇಷ್ಮೆ ಬೆಳೆಗಾರನಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಬ್ಬನ ಹುಳುಮನೆಗೆ ಗಂಟುರೋಗ ಹೊಕ್ಕರೆ ನೆರೆಯವನ ಬೆಳೆಯೂ ಉಳಿಯುವುದು ಕಷ್ಟ. ಅದಕ್ಕೇ ಆತ ರೋಗವಿಲ್ಲದ ಮೊಟ್ಟೆಯನ್ನೇ ಹುಡುಕುತ್ತಾನೆ. ಆ ಮೊಟ್ಟೆ ಆರಿಸುವ ವಿಧಾನ ಕೊಟ್ಟ ಲೂಯಿ ಪಾಶ್ಚರ್‌ರೇ 1885ರಲ್ಲಿ ಹುಚ್ಚುನಾಯಿ ಕಡಿತದ ಲಸಿಕೆಯನ್ನೂ ಕೊಟ್ಟರು.

ಪ್ರಶ್ನೆ ಕೇಳುವುದು ತಪ್ಪಲ್ಲ. ಜೀವಮಾನವಿಡೀ ಪ್ರಶ್ನಿಸುವುದನ್ನು ಕಲಿಸಿದ ಎಚ್. ನರಸಿಂಹಯ್ಯನವರು ಗೌರಿಬಿದನೂರು ತಾಲ್ಲೂಕಿನ ಹೊಸೂರಿನವರೇ. ಆದರೆ ಪ್ರಶ್ನೆಯನ್ನು ವೈದ್ಯರ ಮುಂದಿಡಬೇಕು, ಉತ್ತರ ಕೇಳುವ ತಾಳ್ಮೆಯೂ ಇರಬೇಕು. ಸೂಜಿ ಚುಚ್ಚಿದ ರಾತ್ರಿ ಜ್ವರ ಬಂದರೆ ಏನು ಮಾಡಬೇಕೆಂದು ತಾಯಿಗೆ ಸಮಾಧಾನದಿಂದ ತಿಳಿಸುವುದು ಆರೋಗ್ಯ ಇಲಾಖೆಯ ಕರ್ತವ್ಯ. ಮಕ್ಕಳು ನಮಗೆ ಅಲ್ಲಾಹನು ಕೊಟ್ಟ ಅಮಾನತ್ತು, ನಮ್ಮ ಸೊತ್ತಲ್ಲ. ಅಮಾನತ್ತನ್ನು ಕಾಯುವವನಿಗೆ ಹಕ್ಕಿಗಿಂತ ಹೊಣೆಯೇ ದೊಡ್ಡದು.