ಪದ ಪರಿಚಯ: ಟ್ಯೂನರ್

ಲ್ಯಾಪ್‌ಟಾಪಿಗೆ ಬೆರಳುದ್ದದ ಯುಎಸ್‌ಬಿ ಕಡ್ಡಿಯೊಂದನ್ನು ಸಿಕ್ಕಿಸಿ, ಅದಕ್ಕೆ ಕೇಬಲ್ ಜೋಡಿಸಿ ಟಿವಿ ನೋಡುತ್ತಿದ್ದುದುಂಟು. ಆ ಕಡ್ಡಿಯೇ ಟ್ಯೂನರ್. ಇಂಗ್ಲಿಷಿನ ‘ಟ್ಯೂನ್’ ಎಂಬುದು ‘ಟೋನ್’ನ ಇನ್ನೊಂದು ರೂಪ; ಬೇರು ಗ್ರೀಕಿನ ‘ಟೊನೊಸ್’, ಅಂದರೆ ಎಳೆದು ಬಿಗಿಯುವುದು. ಸಂಸ್ಕೃತದ ‘ತನ್’ ಧಾತುವೂ ಅದೇ ಬುಡದ್ದು. ಅದರಿಂದ ತಂತ್ರೀ, ತಂತ್ರೀಯಿಂದ ನಮ್ಮ ತಂತಿ. ತಂತಿ, ಟ್ಯೂನರ್ ಹೀಗೆ ದೂರದ ದಾಯಾದಿಗಳು! ಈ ನಂಟು ನನಗೆ ಬಲು ಪ್ರಿಯ.

ತಂಬೂರಿಯ ಬಿರಡೆ ತಿರುವುವುದನ್ನು ನಾವು ಮಾತ್ರ ಶ್ರುತಿ ಮಾಡುವುದು ಎನ್ನುತ್ತೇವೆ. ಅಲ್ಲಿ ಕೈಯ ಬಿಗಿತಕ್ಕಿಂತ ಕಿವಿ ದೊಡ್ಡದು. ‘ಶ್ರು’ ಎಂದರೆ ಕೇಳು. ರೇಡಿಯೊ ಬಂದ ಮೇಲೆ ಟ್ಯೂನ್ ಮಾಡುವುದೆಂದರೆ ಕಂಪನಾಂಕ ಹೊಂದಿಸುವುದಾಯಿತು.

ಡಿಜಿಟಲ್ ಕೇಬಲ್ಲಿನಲ್ಲಿ ಒಂದೇ ಕಂಪನಾಂಕದ ಮೇಲೆ ಹಲವು ಚಾನೆಲ್‌ಗಳು ಕಟ್ಟಾಗಿ ಬರುತ್ತವೆ. ಕಟ್ಟನ್ನು ಹಿಡಿಯುವುದು ಟ್ಯೂನರ್, ಬಿಡಿಸುವುದು ತಂತ್ರಾಂಶ (ಅದೂ ‘ತನ್’ ಮನೆತನದ ಮಾತೇ). ಬೆಂಗಳೂರು, ಮೈಸೂರುಗಳ ಕೇಬಲ್ ಡಿಜಿಟಲ್ ಆಗಲು 2013ರ ಮಾರ್ಚ್ 31 ಗಡುವಾಗಿತ್ತು. ಈ ವ್ಯವಸ್ಥೆಯಲ್ಲಿ ಚಾನೆಲ್‌ಗಳಿಗೆ ಗೂಢಲಿಪಿಯ ಬೀಗ ಹಾಕಿರುತ್ತಾರೆ. ಬರೀ ಟ್ಯೂನರ್ ಅವನ್ನು ಹಿಡಿದೀತು, ತೆರೆಯಲಾರದು. ಕೀಲಿಕೈ ಇರುವುದು ಸೆಟ್‌ಟಾಪ್ ಬಾಕ್ಸಿನಲ್ಲಿ.