ಮೂರನೆಯ ವಿಷಯ

ಮೂರು ವಿಷಯಗಳ ಪಟ್ಟಿ ಕೊಡಬೇಕು, ಹಿರಿಯರು ಸಾಮಾನ್ಯವಾಗಿ ಮೊದಲನೆಯದನ್ನೇ ಆರಿಸುತ್ತಾರೆ. ಗಾಟಿಂಗೆನ್ ವಿಶ್ವವಿದ್ಯಾಲಯದಲ್ಲಿ ರೂಢಿ ಹಾಗಿತ್ತು. 1853ರ ಡಿಸೆಂಬರಿನಲ್ಲಿ ಬರ್ನ್‌ಹಾರ್ಡ್ ರೀಮನ್ ಆ ರೂಢಿಯನ್ನೇ ನಂಬಿ ಪಟ್ಟಿ ಕೊಟ್ಟ. ಮೊದಲೆರಡಕ್ಕೆ ತಯಾರಿ ಆಗಿತ್ತು. ಮೂರನೆಯದು ಜ್ಯಾಮಿತಿಯ ತಳಹದಿಯನ್ನು ಕುರಿತದ್ದು. ಅದಕ್ಕೆ ಏನೂ ಸಿದ್ಧವಿರಲಿಲ್ಲ. ಕಾರ್ಲ್ ಫ್ರೆಡರಿಕ್ ಗಾಸ್ ಅದನ್ನೇ ಆರಿಸಿದ.

ರೀಮನ್‌ಗೆ ಆಗ 27 ವರ್ಷ. ಬಡ ಪಾದ್ರಿಯ ಮಗ, ಮಹಾ ಸಂಕೋಚದ ಸ್ವಭಾವ. 1851ರಲ್ಲಿ ಗಾಸ್‌ನ ಕೈಕೆಳಗೇ ಡಾಕ್ಟರೇಟ್ ಮುಗಿಸಿದ್ದ. ಆದರೂ ಪಾಠ ಹೇಳುವ ಅನುಮತಿ ಬೇಕಿದ್ದರೆ ಇನ್ನೊಂದು ಪ್ರಬಂಧ ಬರೆದು, ಅಧ್ಯಾಪಕ ಮಂಡಳಿಯ ಎದುರು ಒಂದು ಪರೀಕ್ಷಾ ಉಪನ್ಯಾಸ ಕೊಡಬೇಕಿತ್ತು. ಅದು ದಾಟಿದರೂ ಸಂಬಳವಿಲ್ಲ. ವಿದ್ಯಾರ್ಥಿಗಳು ಕೊಡುವ ಫೀಸೇ ವರಮಾನ.

ಗಾಸ್ ಕೇಡು ಬಗೆದು ಹೀಗೆ ಮಾಡಿದ್ದಲ್ಲ. ವಕ್ರ ಮೇಲ್ಮೈಗಳ ಬಗ್ಗೆ 1827ರಲ್ಲಿ ಅವನೇ ಬರೆದಿದ್ದ. ಯೂಕ್ಲಿಡ್‌ನದಲ್ಲದ ಜ್ಯಾಮಿತಿಯೂ ಸಾಧ್ಯವೆಂದು ದಶಕಗಳ ಕಾಲ ಯೋಚಿಸಿ, ಪ್ರಕಟಿಸದೆ ಇಟ್ಟುಕೊಂಡಿದ್ದ. ಇಷ್ಟು ಕಠಿಣವಾದದ್ದನ್ನು ಈ ಹುಡುಗ ಹೇಗೆ ನಿಭಾಯಿಸುತ್ತಾನೋ ನೋಡೋಣ ಎಂಬ ಕುತೂಹಲ ಅವನದು.

ಹುಡುಗ ಮಾತ್ರ ಕಾಯಿಲೆ ಬಿದ್ದ. ಭೌತಶಾಸ್ತ್ರದ ನಿಯಮಗಳನ್ನೆಲ್ಲ ಒಂದೇ ಎಳೆಯಲ್ಲಿ ಹೆಣೆಯುವ ಯೋಚನೆಯಲ್ಲಿ ಮುಳುಗಿದ್ದವನಿಗೆ ಅದನ್ನು ಬಿಟ್ಟು ಉಪನ್ಯಾಸಕ್ಕೆ ಕೂರಲು ಮನಸ್ಸೇ ಬರಲಿಲ್ಲ. ಕೆಟ್ಟ ಹವೆಯಲ್ಲಿ ಮನೆಯೊಳಗೇ ಕೂತು ಆರೋಗ್ಯವೂ ಹದಗೆಟ್ಟಿತು. ಕೊನೆಗೆ ತೋಟವಿರುವ ಬಾಡಿಗೆ ಮನೆಗೆ ಹೋದ ಮೇಲೆ ಚೇತರಿಸಿಕೊಂಡ. ಈಸ್ಟರ್ ಕಳೆದು ಹದಿನೈದು ದಿನಕ್ಕೆ ಕೆಲಸ ಹಿಡಿದು, ಪೆಂಟೆಕಾಸ್ಟ್ ಹಬ್ಬದ ಹೊತ್ತಿಗೆ ಮುಗಿಸಿದ. ಲೆಕ್ಕ ಹಾಕಿದರೆ ಸುಮಾರು ಐದು ವಾರ.

ಅಷ್ಟರಲ್ಲಿ ಗಾಸ್‌ನ ಆರೋಗ್ಯ ಕೆಟ್ಟಿತ್ತು. ಆಗಸ್ಟ್‌ವರೆಗೂ ಮುಂದೆ ಹೋಗುವ ಲಕ್ಷಣ ಕಂಡು ರೀಮನ್ ಮತ್ತೆ ಮತ್ತೆ ಕೇಳಿಕೊಂಡ. ಒಂದು ಶುಕ್ರವಾರ ಮಧ್ಯಾಹ್ನ, ಇದು ಮುಗಿದುಹೋದರೆ ಸಾಕು ಎಂಬಂತೆ, ಗಾಸ್ ಮರುದಿನ ಬೆಳಗ್ಗೆ ಹತ್ತೂವರೆಗೆ ಎಂದು ಗೊತ್ತುಮಾಡಿಬಿಟ್ಟ. 1854ರ ಜೂನ್ 10, ಶನಿವಾರ. ಮಧ್ಯಾಹ್ನ ಒಂದಕ್ಕೆಲ್ಲ ಮುಗಿದಿತ್ತು.

ಕೇಳಲು ಕೂತಿದ್ದವರು ತತ್ತ್ವಶಾಸ್ತ್ರ ವಿಭಾಗದವರು. ಆ ಕಾಲಕ್ಕೆ ಗಣಿತವೂ ಭಾಷೆಗಳೂ ಇತಿಹಾಸವೂ ಅದೇ ವಿಭಾಗಕ್ಕೆ ಸೇರಿದ್ದವು. ಅವರಿಗೂ ತಲುಪಲೆಂದು ರೀಮನ್ ಲೆಕ್ಕಗಳನ್ನೆಲ್ಲ ಹೊರಗಿಟ್ಟು ಮಾತಿನಲ್ಲೇ ಹೇಳಿದ. ಕುಂಬಳಕಾಯಿಯ ಮೇಲೆ ಹರಿದಾಡುವ ಇರುವೆ, ಹೊರಗೆ ನಿಂತು ನೋಡದೆಯೇ, ತಾನಿರುವ ಮೇಲ್ಮೈ ಬಾಗಿದೆಯೆಂದು ಅಳತೆಯಿಂದಲೇ ತಿಳಿಯಬಹುದು. ಇಷ್ಟನ್ನು ಗಾಸ್ ತೋರಿಸಿದ್ದ. ರೀಮನ್ ಇದನ್ನು ಎಷ್ಟು ಆಯಾಮಗಳಿಗಾದರೂ ವಿಸ್ತರಿಸಿ, ನಾವಿರುವ ಆಕಾಶದ ಆಕಾರವೇನು ಎಂಬುದು ಅನುಭವದಿಂದ ತೀರ್ಮಾನವಾಗಬೇಕಾದ ಪ್ರಶ್ನೆ ಎಂದ. ಇಲ್ಲಿಂದಾಚೆ ಭೌತಶಾಸ್ತ್ರದ ಸೀಮೆ, ಇಂದಿನ ಸಂದರ್ಭ ಅದಕ್ಕಲ್ಲ ಎಂದು ನಿಲ್ಲಿಸಿದ.

77ರ ಗಾಸ್ ಬೆರಗಾದ. ಮನೆಗೆ ಮರಳುವಾಗ ಭೌತವಿಜ್ಞಾನಿ ವಿಲ್‌ಹೆಲ್ಮ್ ವೇಬರ್ ಜೊತೆ ಅಪರೂಪದ ಉತ್ಸಾಹದಿಂದ ಅದರದೇ ಮಾತಾಡಿದನೆಂದು ರೀಮನ್‌ನ ಗೆಳೆಯ ಡೆಡೆಕಿಂಡ್ ದಾಖಲಿಸಿದ್ದಾನೆ. ಎಂಟು ತಿಂಗಳಲ್ಲಿ ಗಾಸ್ ತೀರಿಕೊಂಡ.

ಸೂತ್ರ ಬಿಟ್ಟದ್ದಕ್ಕೆ ಬೆಲೆಯನ್ನೂ ತೆರಬೇಕಾಯಿತು. ಮಾತಿನ ಹಿಂದಿನ ಲೆಕ್ಕ ಎಲ್ಲಿ ಎಂದು ಯಾರಾದರೂ ಹುಡುಕಿದ್ದರೆ ಸಿಗುತ್ತಿರಲಿಲ್ಲ. ಅದರ ಒಂದು ಭಾಗವನ್ನು 1861ರಲ್ಲಿ ಪ್ಯಾರಿಸ್ ಅಕಾಡೆಮಿಯ ಸ್ಪರ್ಧೆಗೆ ಲ್ಯಾಟಿನ್‌ನಲ್ಲಿ ಬರೆದು ಕಳಿಸಿದ. ಬಹುಮಾನ ಬರಲಿಲ್ಲ. 1866ರಲ್ಲಿ, ನಲವತ್ತು ತುಂಬುವ ಮೊದಲೇ, ಇಟಲಿಯಲ್ಲಿ ಕ್ಷಯದಿಂದ ಸತ್ತ. ಉಪನ್ಯಾಸ ಅಚ್ಚಾದದ್ದು 1868ರಲ್ಲಿ, ಡೆಡೆಕಿಂಡ್‌ನ ದೆಸೆಯಿಂದ. ಐನ್‌ಸ್ಟೈನ್‌ಗೆ ಗುರುತ್ವವನ್ನು ಬರೆಯಲು ಈ ಜ್ಯಾಮಿತಿಯೇ ಬೇಕಾದದ್ದು ಇನ್ನೂ ನಾಲ್ಕು ದಶಕಗಳ ಮೇಲೆ.

1854ರ ಶರತ್ಕಾಲದಲ್ಲಿ ರೀಮನ್‌ಗೆ ಅದಾವುದರ ಸುಳಿವೂ ಇರಲಿಲ್ಲ. ಮೊದಲ ತರಗತಿಗೆ ಎಂಟು ಮಂದಿ ಬಂದರೆಂಬ ಖುಷಿಯಲ್ಲಿದ್ದ. ಅಷ್ಟು ಜನರನ್ನು ಅವನು ನಿರೀಕ್ಷಿಸಿರಲಿಲ್ಲ. ಈಗ ಕೇಳುವವರ ಮುಖ ನೋಡಿ, ಮುಂದಕ್ಕೆ ಹೋಗಬೇಕೋ ಇನ್ನೊಮ್ಮೆ ಬಿಡಿಸಿ ಹೇಳಬೇಕೋ ತಿಳಿಯುವುದು ಅಭ್ಯಾಸವಾಗುತ್ತಿದೆ ಎಂದು ಅಪ್ಪನಿಗೆ ಬರೆದ.